ಹಗಲು ಮರದ ಧೂಳು, ರಾತ್ರಿ ಕೆಮ್ಮು

ಹಗಲೆಲ್ಲ ಮರ ಉಜ್ಜಿದಾಗ ಏನೂ ಆಗಿರುವುದಿಲ್ಲ. ರಾತ್ರಿ ಮಲಗಿದ ಮೇಲೆ ಕೆಮ್ಮು, ಎದೆ ಬಿಗಿತ, ಉಬ್ಬಸ. ‘ಥಂಡಿ ಆಗಿರಬೇಕು’ ಎಂದು ಮನೆಯವರು ಕಷಾಯ ಕೊಡುತ್ತಾರೆ. ಕಾರಣ ಹಗಲಿನ ಧೂಳೇ ಆಗಿರಬಹುದು.

ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಕೆಂಪು ಸೀಡರ್ ಮರ ಇದಕ್ಕೆ ಪ್ರಸಿದ್ಧ ಉದಾಹರಣೆ. ಈ ಹಗುರವಾದ ಮರದ ತೆಳು ಪಟ್ಟಿಗಳನ್ನು ಜೋಡಿಸಿ ಅಲ್ಲಿನ ಹವ್ಯಾಸಿಗಳು ‘ಕಯಾಕ್’ ಎಂಬ ಕಿರುದೋಣಿಯನ್ನು ಮನೆಯಲ್ಲೇ ತಯಾರಿಸುತ್ತಾರೆ. ಅದನ್ನು ನಯಗೊಳಿಸಲು ಸ್ಯಾಂಡ್‌ಪೇಪರ್‌ನಿಂದ ಗಂಟೆಗಟ್ಟಲೆ ಉಜ್ಜಬೇಕು. ವಾರ್ನಿಶ್‌ನ ಒಂದೊಂದು ಲೇಪದ ನಡುವೆಯೂ ಮತ್ತೆ ಉಜ್ಜಬೇಕು.

ಸೀಡರ್ ಧೂಳಿನಲ್ಲಿರುವ ಪ್ಲಿಕ್ಯಾಟಿಕ್ ಆಮ್ಲ ಕೆಲವರಲ್ಲಿ ಅಸ್ತಮಾ ಉಂಟುಮಾಡುತ್ತದೆ. ಈ ಮರದ ಕಾರ್ಖಾನೆಗಳ ಕೆಲಸಗಾರರಲ್ಲಿ ಸುಮಾರು 100ಕ್ಕೆ 4-5 ಮಂದಿಗೆ ಇದು ಬರುತ್ತದೆ. ಹಲವರಲ್ಲಿ ಉಬ್ಬಸ ಕಾಣಿಸಿಕೊಳ್ಳುವುದು ಧೂಳು ಸೇವಿಸಿದ 4ರಿಂದ 8 ಗಂಟೆಗಳ ನಂತರ. ಆದ್ದರಿಂದಲೇ ರೋಗಿಗೆ ಕಾರಣ ಹೊಳೆಯುವುದಿಲ್ಲ. ಬೇಗ ಗುರುತಿಸಿ ಧೂಳಿನಿಂದ ದೂರವಾದರೆ ಗುಣವಾಗುವ ಸಾಧ್ಯತೆ ಹೆಚ್ಚು. ವರ್ಷಗಟ್ಟಲೆ ನಿರ್ಲಕ್ಷಿಸಿದವರಲ್ಲಿ ಕೆಲಸ ಬಿಟ್ಟ ಮೇಲೂ ಅಸ್ತಮಾ ಉಳಿದುಬಿಡಬಹುದು.

ನಮ್ಮ ಮನೆಗಳಲ್ಲಿ ಪಾಲಿಶ್ ಆಗುವ ತೇಗ, ಬೀಟೆಗಳ ಧೂಳೂ ನಿರಪಾಯಕಾರಿಯಲ್ಲ. ಅದರಿಂದ ಕೆಲವರಿಗೆ ಚರ್ಮದ ತುರಿಕೆ, ಕಣ್ಣುರಿ ಬರುತ್ತದೆ. ಬಹುಕಾಲ ಮರದ ಧೂಳು ಸೇವಿಸುವವರಿಗೆ ಮೂಗಿನ ಕ್ಯಾನ್ಸರ್ ಬರಬಹುದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಪ್ರಕಟಿಸಿದೆ. ವಾರ್ನಿಶ್‌ನ ಆವಿಯಿಂದ ತಲೆನೋವು, ತಲೆಸುತ್ತು ಬರಬಹುದು. ಎರಡು ಡಬ್ಬಿಗಳ ದ್ರವ ಬೆರೆಸಿ ಹಚ್ಚುವ ಪಾಲಿಯುರೆಥೇನ್‌ನಲ್ಲಿರುವ ಐಸೊಸಯನೇಟ್ ಕೂಡ ಅಸ್ತಮಾ ತರಬಲ್ಲದು.

ಹಾಗೆಂದು ಕೆಲಸವನ್ನೇ ಬಿಡಬೇಕಾಗಿಲ್ಲ. ಈ ಎಚ್ಚರಿಕೆಗಳು ಸಾಕು:

* ಮರವನ್ನು ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು ಉಜ್ಜಿ. ಮಕ್ಕಳು, ಗರ್ಭಿಣಿಯರು, ಅಸ್ತಮಾ ಇರುವವರು ದೂರವಿರಲಿ.

* ಮೂಗಿಗೆ ಕರವಸ್ತ್ರ ಕಟ್ಟಿದರೆ ಸಾಲದು. ಮುಖಕ್ಕೆ ಸರಿಯಾಗಿ ಕೂರುವ ಎನ್-95 ಮುಖಗವಸು ಬೇಕು. ಅದು ಧೂಳನ್ನು ತಡೆಯುತ್ತದೆ, ಆವಿಯನ್ನಲ್ಲ. ವಾರ್ನಿಶ್ ಹಚ್ಚುವಾಗ ಕಿಟಕಿ, ಬಾಗಿಲು ತೆರೆದಿರಲಿ.

* ಧೂಳನ್ನು ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಬಟ್ಟೆ ಬದಲಿಸಿ, ಕೈಕಾಲು ತೊಳೆದೇ ಒಳಗೆ ಬನ್ನಿ.

* ಅಗಸೆ ಎಣ್ಣೆ ಒರೆಸಿದ ಚಿಂದಿಯನ್ನು ಮುದ್ದೆಮಾಡಿ ಎಸೆಯಬೇಡಿ, ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ.

ಕೆಲಸ ಮಾಡಿದ ದಿನ ಕೆಮ್ಮು ಬಂದು, ರಜೆಯಲ್ಲಿ ಕಡಿಮೆಯಾಗುತ್ತಿದೆಯೇ? ವೈದ್ಯರಲ್ಲಿಗೆ ಹೋದಾಗ ‘ಕೆಮ್ಮು’ ಎಂದಷ್ಟೇ ಹೇಳಬೇಡಿ. ಯಾವ ಮರ ಉಜ್ಜಿದಿರಿ, ಏನು ಹಚ್ಚಿದಿರಿ ಎಂಬುದನ್ನೂ ತಿಳಿಸಿ. ಸರಿಯಾದ ಚಿಕಿತ್ಸೆಗೆ ಅದೇ ದಾರಿ.