ಬಾಯ್ಕಾಟ್: ಹೆಸರೊಂದು ಪದವಾದ ಕತೆ

ಪರೀಕ್ಷೆಗೆ ಬಾಯ್ಕಾಟ್, ಚುನಾವಣೆಗೆ ಬಾಯ್ಕಾಟ್, ವಿದೇಶಿ ವಸ್ತುಗಳಿಗೆ ಬಾಯ್ಕಾಟ್. ಇಂಗ್ಲಿಷ್ ಓದದವರ ಬಾಯಲ್ಲೂ ಸಲೀಸಾಗಿ ಹೊರಡುವ ಈ ಪದ ಒಬ್ಬ ಮನುಷ್ಯನ ಹೆಸರು ಎಂಬುದು ಹಲವರಿಗೆ ತಿಳಿಯದು.

ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್ ಇಂಗ್ಲೆಂಡಿನವನು, ಸೇನೆಯಲ್ಲಿದ್ದು ಬಂದವನು. ಐರ್ಲೆಂಡಿನ ಮೇಯೊ ಪ್ರಾಂತ್ಯದಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಏಜೆಂಟನಾಗಿ ಗೇಣಿ ವಸೂಲು ಮಾಡುತ್ತಿದ್ದ. 1880ರಲ್ಲಿ ಒಕ್ಕಲುಗಳು ಗೇಣಿಯನ್ನು ಶೇಕಡಾ 25ರಷ್ಟು ಇಳಿಸಬೇಕೆಂದು ಕೇಳಿದರು. ಧಣಿ ಶೇಕಡಾ 10ಕ್ಕಿಂತ ಹೆಚ್ಚು ಬಿಡಲು ಒಪ್ಪಲಿಲ್ಲ. ಬಾಯ್ಕಾಟ್ ಒಕ್ಕಲೆಬ್ಬಿಸುವ ನೋಟೀಸು ಹೊರಡಿಸಿದ.

ಅದೇ ಸೆಪ್ಟೆಂಬರ್ 19ರಂದು ಎನ್ನಿಸ್ ಊರಿನ ಸಭೆಯಲ್ಲಿ ಐರಿಷ್ ನಾಯಕ ಪಾರ್ನೆಲ್ ಒಂದು ಉಪಾಯ ಹೇಳಿದ್ದ: ಒಕ್ಕಲೆಬ್ಬಿಸಿದ ಜಮೀನನ್ನು ಹಿಡಿದವನನ್ನು ಕೊಲ್ಲುವುದು ಬೇಡ, ಅವನೊಡನೆ ಮಾತು, ವ್ಯವಹಾರ ಎಲ್ಲವನ್ನೂ ನಿಲ್ಲಿಸಿ. ಮೇಯೊ ಜನ ಆ ಅಸ್ತ್ರವನ್ನು ಏಜೆಂಟನ ಮೇಲೆಯೇ ಪ್ರಯೋಗಿಸಿದರು. ಆಳುಗಳು ಕೆಲಸ ಬಿಟ್ಟರು. ಅಂಗಡಿಯವರು ಸಾಮಾನು ಕೊಡಲಿಲ್ಲ. ಬೆಳೆ ಹೊಲದಲ್ಲೇ ನಿಂತಿತು. ಕೊನೆಗೆ ಬೇರೆ ಜಿಲ್ಲೆಗಳಿಂದ 50 ಜನ ಕೆಲಸಗಾರರು ಬಂದರು; ಅವರ ಕಾವಲಿಗೆ ಸುಮಾರು 1000 ಸೈನಿಕರು ಮತ್ತು ಪೊಲೀಸರು! ಸುಮಾರು 500 ಪೌಂಡಿನ ಬೆಳೆ ಉಳಿಸಲು ಸುಮಾರು 10,000 ಪೌಂಡು ಖರ್ಚಾಯಿತು. ಡಿಸೆಂಬರ್ 1ರಂದು ಬಾಯ್ಕಾಟ್ ಐರ್ಲೆಂಡನ್ನೇ ಬಿಟ್ಟ.

ಅವನು ಹೋದರೂ ಹೆಸರು ಉಳಿಯಿತು. ಈ ಬಗೆಯ ದೂರವಿಡುವಿಕೆಗೆ ಇಂಗ್ಲಿಷಿನಲ್ಲಿ ಗ್ರೀಕ್ ಮೂಲದ ಒಂದು ಪದ ಮೊದಲೇ ಇತ್ತು. ಅದು ರೈತರಿಗೆ ಅರ್ಥವಾಗದೆಂದು ಅಲ್ಲಿನ ಪಾದ್ರಿ ಜಾನ್ ಓಮ್ಯಾಲಿ, ‘ಬಾಯ್ಕಾಟ್ ಮಾಡುವುದು’ ಎನ್ನೋಣವೆಂದು ಸೂಚಿಸಿದನಂತೆ. ಆ ವರ್ಷವೇ ಲಂಡನ್ನಿನ ಪತ್ರಿಕೆಗಳು ಪದವನ್ನು ಎತ್ತಿಕೊಂಡವು. ಫ್ರೆಂಚ್, ಜರ್ಮನ್, ರಷ್ಯನ್, ಜಪಾನಿ ಭಾಷೆಗಳಿಗೂ ಅದು ಹೊಕ್ಕಿತು. 1905ರ ಆಗಸ್ಟ್ 7ರಂದು ಕಲ್ಕತ್ತೆಯ ಟೌನ್ ಹಾಲ್ ಸಭೆ ಬಂಗಾಳ ವಿಭಜನೆಯನ್ನು ವಿರೋಧಿಸಿ ಬ್ರಿಟಿಷ್ ಸರಕಿಗೆ ಬಾಯ್ಕಾಟ್ ಸಾರಿತು. ಆಳುವವರ ನುಡಿಯ ಪದವೇ ಆಳುವವರಿಗೆ ತಿರುಗುಬಾಣವಾಯಿತು.

ಕನ್ನಡದಲ್ಲಿ ಇದಕ್ಕೆ ‘ಬಹಿಷ್ಕಾರ’ ಎನ್ನುತ್ತೇವೆ. ಆದರೆ ಎರಡು ಪದಗಳ ಹುಟ್ಟು ಬೇರೆ. ಬಾಯ್ಕಾಟ್ ಹುಟ್ಟಿದ್ದು ಗೇಣಿ ಕೊಡಲಾಗದ ಬಡವರ ಕೈಯಲ್ಲಿ, ಬಲವಂತನ ವಿರುದ್ಧ. ನಮ್ಮ ಬಹಿಷ್ಕಾರವನ್ನು ಕುಲದ ಪಂಚಾಯಿತಿಗಳೂ ಊರಿನ ಬಲಿಷ್ಠರೂ ಬಹುಕಾಲ ಬಳಸಿದ್ದು ದುರ್ಬಲರ ಮೇಲೆ. ಬಾವಿಯ ನೀರಿಲ್ಲ, ಕೂಲಿಯಿಲ್ಲ, ಅಂಗಡಿಯಲ್ಲಿ ಉಪ್ಪೂ ಇಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ, ಈ ಜನರ ಮೇಲೆ ಸಾಮಾಜಿಕ ಬಹಿಷ್ಕಾರ ಹೇರುವುದನ್ನು ಸ್ಪಷ್ಟವಾಗಿ ಅಪರಾಧವೆಂದು ಹೆಸರಿಸಿತು.

ಪದ ಒಂದೇ, ಕತ್ತಿಯಂತೆ. ಅದರ ಹಿಡಿ ಯಾರ ಕೈಯಲ್ಲಿದೆ ಎಂಬುದರ ಮೇಲೆ ಅರ್ಥ.