ಪಾಸು ಕೊಳ್ಳುವುದೋ, ಕಾರ್ಡು ತುಂಬಿಸುವುದೋ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಜನ ಬಸ್ಸನ್ನು ನಂಬಿ ಬದುಕಿದವರು. ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಪಾವಗಡಗಳ ಮೂಲಕ ರಾಯದುರ್ಗಕ್ಕೂ, ಶಿರಾದ ಮೂಲಕ ದಾವಣಗೆರೆಗೂ ರೈಲುಹಾದಿಗಳು ಮಂಜೂರಾಗಿ ದಶಕವೇ ಕಳೆದಿದ್ದರೂ, 2024 ಮುಗಿಯುವವರೆಗೆ ಈ ನಾಲ್ಕು ಪಟ್ಟಣಗಳಲ್ಲಿ ಒಂದರಲ್ಲಿಯೂ ಪ್ರಯಾಣಿಕರ ಗಾಡಿ ಬಂದು ನಿಂತಿರಲಿಲ್ಲ. ಗಾಡಿ ಹಿಡಿಯಬೇಕಾದವರು ತುಮಕೂರಿಗೋ ಗೌರಿಬಿದನೂರಿಗೋ ಹಿಂದೂಪುರಕ್ಕೋ ಹೋಗುವುದು ವಾಡಿಕೆ. ಆದರೆ ಇದೇ ಊರುಗಳಲ್ಲಿ ಓದಿದ ಮಕ್ಕಳು ಇಂದು ಪರದೇಶಗಳಲ್ಲಿ ಉದ್ಯೋಗಸ್ಥರಾಗಿದ್ದಾರೆ. ಅವರನ್ನು ಕಂಡುಬರಲು ಹೊರಟ ತಂದೆತಾಯಿಗಳಿಗೆ, ವೀಸಾದ ಚಿಂತೆಯೂ ಹುಳಿಪುಡಿಯ ಡಬ್ಬಿಯ ಚಿಂತೆಯೂ ತೀರಿದ ಮೇಲೆ, ಮೂರನೆಯದೊಂದು ಎದುರಾಗುತ್ತದೆ: ಅಲ್ಲಿ ತಿರುಗಾಡಲು ರೈಲು ಪಾಸು ಕೊಳ್ಳಬೇಕೆ, ಹಣ ತುಂಬಿದ ಕಾರ್ಡು ಸಾಕೆ?

ಎರಡರ ಭೇದವನ್ನು ನಮ್ಮವರು ಬಲ್ಲರು. ಕೊರಟಗೆರೆಯಿಂದ ತುಮಕೂರಿನ ಕಾಲೇಜಿಗೆ ಹೋಗುವ ಹುಡುಗನ ಬಸ್ ಪಾಸು ಒಂದು ಬಗೆ. ಹೋದರೂ ಹೋಗದಿದ್ದರೂ ಅದರ ಹಣ ಕೊಟ್ಟಾಯಿತು. ಬೆಂಗಳೂರಿನ ‘ನಮ್ಮ ಮೆಟ್ರೋ’ ಕಾರ್ಡು ಇನ್ನೊಂದು ಬಗೆ. ಹೋದಷ್ಟು ದೂರಕ್ಕೆ ಮಾತ್ರ ಅದರಿಂದ ಹಣ ಕಳೆಯುತ್ತದೆ. ಪಾಸೆಂದೊಡನೆ ಅಗ್ಗವೆಂದು ತಿಳಿಯುವುದು ನಮ್ಮಲ್ಲಿ ಬೇರೂರಿದ ಅಭ್ಯಾಸ. ಪರದೇಶದಲ್ಲಿ ಅದು ಯಾವಾಗಲೂ ನಿಜವಲ್ಲ.

ಜಪಾನನ್ನೇ ತೆಗೆದುಕೊಳ್ಳೋಣ. ಅಲ್ಲಿಯ ಏಳು ದಿನಗಳ ಸಾಧಾರಣ ದರ್ಜೆಯ ರೈಲು ಪಾಸಿನ ಬೆಲೆ 29,650 ಯೆನ್ ಇದ್ದುದು 2023ರ ಅಕ್ಟೋಬರಿನಲ್ಲಿ ಒಮ್ಮೆಗೇ 50,000 ಯೆನ್‌ಗೆ ಏರಿತು. ಮಧುಗಿರಿಯ ನಿವೃತ್ತ ಉಪಾಧ್ಯಾಯ ದಂಪತಿಗಳು ಟೋಕಿಯೋದಲ್ಲಿರುವ ಮಗನ ಮನೆಯಿಂದ ಕ್ಯೋಟೋಗೆ ಹೋಗಿಬರುತ್ತಾರೆಂದು ಭಾವಿಸಿರಿ. ಶಿಂಕಾನ್‌ಸೆನ್ ಗಾಡಿಯಲ್ಲಿ ಒಂದು ದಿಕ್ಕಿಗೆ ಸುಮಾರು 14,000 ಯೆನ್, ಹೋಗಿಬರಲು ತಲೆಗೆ 28,000. ಹಿಂದಿನ ಬೆಲೆಯಲ್ಲಾದರೆ ಪಾಸು ಹೆಚ್ಚುಕಡಿಮೆ ಸರಿಹೊಂದುತ್ತಿತ್ತು. ಏರಿದ ಬೆಲೆಯಲ್ಲಿ ತಲೆಗೆ 22,000 ಯೆನ್ ನಷ್ಟ. ಹಿರೋಷಿಮಾದವರೆಗೆ ಹೋಗಿ ಬಂದರೂ ಸುಮಾರು 38,000. ಅದೇ ವಾರದಲ್ಲಿ ಉತ್ತರದ ಸೆಂಡೈಗೂ ಹೋಗಿಬಂದರೆ ಲೆಕ್ಕ 60,000 ಮುಟ್ಟಿ ಪಾಸು ಗೆಲ್ಲುತ್ತದೆ. ಆದರೆ ಅರವತ್ತೈದು ದಾಟಿದ ಮೊಣಕಾಲುಗಳನ್ನು ಏಳು ದಿನ ಹಾಗೆ ಓಡಿಸುವುದು, ಪಾಸಿನ ಹಣ ವಸೂಲಾಗಲೆಂದು ಊರು ನೋಡುವುದು, ಪ್ರವಾಸವೆನಿಸೀತೆ? 2023ಕ್ಕೆ ಮೊದಲು ಹೋಗಿಬಂದ ಬಂಧುಗಳು ಕಣ್ಣುಮುಚ್ಚಿ ಪಾಸು ಕೊಳ್ಳಿರೆಂದು ಹೇಳಿದರೆ, ಅವರ ಕಾಲಕ್ಕೆ ಆ ಮಾತು ಸರಿಯಾಗಿದ್ದಿತೆಂದು ತಿಳಿದರೆ ಸಾಕು.

ಇನ್ನೊಂದು ಸೂಕ್ಷ್ಮವಿದೆ. ಆ ಪಾಸು ಅಲ್ಪಕಾಲದ ಸಂದರ್ಶಕರಿಗಾಗಿ ಏರ್ಪಟ್ಟುದು; ಅಲ್ಲಿ ಉದ್ಯೋಗದ ವೀಸಾದ ಮೇಲಿರುವ ಮಗನಿಗೆ ದೊರೆಯುವುದಿಲ್ಲ. ಅತಿ ವೇಗದ ನೊಜೊಮಿ ಗಾಡಿಗೆ ಪಾಸಿನವರು ಬೇರೆ ಹಣ ತೆರಬೇಕು. ಹೀಗಾಗಿ ಮಗ ಒಂದು ಗಾಡಿಯಲ್ಲಿ, ಭಾಷೆಯರಿಯದ ತಂದೆತಾಯಿ ಇನ್ನೊಂದರಲ್ಲಿ ಕೂರುವ ಪ್ರಸಂಗ ಬಂದೀತು! ನನ್ನ ಮತದಲ್ಲಿ ಇದೊಂದೇ ಕಾರಣಕ್ಕಾಗಿಯೂ ಅಂಥ ಸಂಸಾರ ಪಾಸನ್ನು ಬಿಟ್ಟು, ಮೂವರಿಗೂ ಕೂಡಿ ಟಿಕೆಟ್ ಕೊಳ್ಳುವುದು ಮೇಲು.

ಟೋಕಿಯೋ ನಗರದೊಳಗಣ ಸಂಚಾರಕ್ಕೆ 2001ರಲ್ಲಿ ಬಂದ ಸುಯಿಕಾ ಕಾರ್ಡು ಸಾಕು. ರೈಲಿಗೆ, ಬಸ್ಸಿಗೆ, ಬೀದಿಯ ಅಂಗಡಿಯಲ್ಲಿ ಹಾಲು ಕೊಳ್ಳುವುದಕ್ಕೂ ಅದು ನಡೆಯುತ್ತದೆ. ಸಂದರ್ಶಕರಿಗೆಂದೇ ಇರುವ ‘ವೆಲ್ಕಮ್ ಸುಯಿಕಾ’ ಕಾರ್ಡಿನ ಆಯುಸ್ಸು 28 ದಿನ. ಉಳಿದ ಹಣ ಮರಳಿ ಬಾರದು. ಆದುದರಿಂದ ಸ್ವಲ್ಪಸ್ವಲ್ಪವಾಗಿಯೇ ತುಂಬಿಸಬೇಕು.

ಲಂಡನ್ನಿನಲ್ಲಿ ಚಿಂತೆ ಕಡಿಮೆ. 2003ರಲ್ಲಿ ಬಳಕೆಗೆ ಬಂದ ಆಯಿಸ್ಟರ್ ಕಾರ್ಡಿನಲ್ಲಿ ದಿನಕ್ಕೆ ಇಷ್ಟೇ ಎಂಬ ಮಿತಿಯಿದೆ. ಆ ಮಿತಿ ಮುಟ್ಟಿದ ಮೇಲೆ ಎಷ್ಟು ತಿರುಗಿದರೂ ಹಣ ಕಳೆಯದು. ಎಂದರೆ ಕಾರ್ಡೇ ಸಂಜೆಯ ಹೊತ್ತಿಗೆ ಪಾಸಾಗಿ ಮಾರ್ಪಡುತ್ತದೆ. 2014ರ ಜುಲೈನಿಂದ ಅಲ್ಲಿಯ ಬಸ್ಸುಗಳು ನಗದು ಸ್ವೀಕರಿಸುವುದನ್ನು ನಿಲ್ಲಿಸಿದವು. ಚಿಲ್ಲರೆಗಾಗಿ ನಿರ್ವಾಹಕನೊಡನೆ ವಾದಿಸಿ ಪಳಗಿದ ನಮ್ಮವರಿಗೆ ಇದೊಂದು ವಿಚಿತ್ರ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟನ್ನು ಕಂಡ ನಮ್ಮ ಹೆಂಗಸರಿಗೆ ಅಷ್ಟು ವಿಚಿತ್ರವೆನಿಸದೇನೋ.

ಪಾಸು ನಿಜವಾಗಿ ಸುಖ ಕೊಡುವುದು ಸ್ವಿಟ್ಜರ್‌ಲೆಂಡಿನಂಥ ನಾಡಿನಲ್ಲಿ. ಅಲ್ಲಿ ಬಿಡಿ ಟಿಕೆಟ್ಟುಗಳು ದುಬಾರಿ. ರೈಲು, ಬಸ್ಸು, ಸರೋವರದ ದೋಣಿ, ವಸ್ತುಸಂಗ್ರಹಾಲಯಗಳೆಲ್ಲ ಒಂದೇ ಪಾಸಿನಲ್ಲಿ ಅಡಕ. ಮನಸ್ಸು ಬಂದಲ್ಲಿ ಇಳಿಯಬಹುದು. ಆದರೆ ನಮ್ಮವರೆಲ್ಲ ಹಂಬಲಿಸುವ ಯುಂಗ್‌ಫ್ರಾವ್ ಹಿಮಶಿಖರದ ರೈಲಿಗೆ ಪಾಸು ರಿಯಾಯಿತಿಯನ್ನಷ್ಟೇ ಕೊಡುತ್ತದೆ; ಇದನ್ನು ಮರೆತು ಕೈಖರ್ಚಿನ ಲೆಕ್ಕ ಹಾಕಬಾರದು.

ಹೊರಡುವ ಮೊದಲು ಅಭ್ಯಾಸವೂ ಆಗಬೇಕು. 2024ರ ನವೆಂಬರಿನಲ್ಲಿ ತುಮಕೂರು ರಸ್ತೆಯ ಮಾದಾವರದವರೆಗೆ ಮೆಟ್ರೋ ಬಂದಿದೆ. ಬಸ್ಸಿನಲ್ಲಿ ಅಲ್ಲಿಗೆ ಹೋಗಿ, ಕಾರ್ಡು ತೋರಿಸಿ ಒಳಗೆ ಹೋಗುವುದನ್ನೂ ಮೆಜೆಸ್ಟಿಕ್ಕಿನಲ್ಲಿ ಮತ್ತೆ ತೋರಿಸಿ ಹೊರಬರುವುದನ್ನೂ ಒಂದೆರಡು ಸಲ ಮಾಡಿ ನೋಡಲಿ. ಲಂಡನ್ನಿನ ರೈಲಿನಲ್ಲಿ ಹೊರಬರುವಾಗ ಕಾರ್ಡು ಮುಟ್ಟಿಸಲು ಮರೆತರೆ ಗರಿಷ್ಠ ದರವೇ ಕಳೆದುಹೋಗುತ್ತದೆ. ಗಂಡಹೆಂಡಿರಿಬ್ಬರಿಗೆ ಒಂದೇ ಕಾರ್ಡು ಎಂಬುದೂ ನಡೆಯದು. ಎರಡನ್ನೂ ಯಜಮಾನರ ಜೇಬಿನಲ್ಲಿ ಸೇರಿಸಿಡದೆ, ಅಮ್ಮನವರದನ್ನು ಅವರ ಕೈಚೀಲದಲ್ಲಿಯೇ ಇಟ್ಟಿರಲಿ. ಜನಸಂದಣಿಯಲ್ಲಿ ದ್ವಾರದ ಆಚೆಗೊಬ್ಬರು ಈಚೆಗೊಬ್ಬರು ಉಳಿದರೆ ಕಾರ್ಡನ್ನು ದಾಟಿಸುವವರು ಯಾರು?