ಇಂಗ್ಲಿಷಿನ ‘ಮೇ’, ‘ಕ್ಯಾನ್’ ಮತ್ತು ನಮ್ಮ ‘ಬಹುದು’

ಶೃಂಗೇರಿಯಲ್ಲಿ ತುಂಗೆಯ ಸೋಪಾನದ ಮೇಲೆ ಕುಳಿತವರಿಗೆ ಅಲ್ಲಿಯ ಮೀನುಗಳ ಪರಿಚಯವನ್ನು ನಾವು ಮಾಡಿಕೊಡಬೇಕಾದುದಿಲ್ಲ. ಪುರಿಯನ್ನೆರಚಿದರೆ ಅವು ಕಾಲ ಬಳಿಗೇ ಬರುವುವು. ಮಕ್ಕಳೂ ಕೈಯಿಂದ ಮುಟ್ಟಬಲ್ಲರು, ಪಳಗಿದವರು ಹಿಡಿಯಬಲ್ಲರು. ಆದರೆ ಹಿಡಿಯಕೂಡದು. ಕೈಲಾಗುವುದು ಬೇರೆ, ಅನುಜ್ಞೆಯಿರುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಸುಲಭವಾದ ದೃಷ್ಟಾಂತವು ನಮಗೆ ದೊರೆತಿಲ್ಲ. ಮೊದಲನೆಯದಕ್ಕೆ ‘ಕ್ಯಾನ್’, ಎರಡನೆಯದಕ್ಕೆ ‘ಮೇ’ ಎಂಬುದು ಹಳೆಯ ಇಂಗ್ಲಿಷ್ ವ್ಯಾಕರಣಗಳ ವಿಧಿ.

ಕೊಪ್ಪ, ಶೃಂಗೇರಿ, ಹಿಂದೆ ಎಡೆಹಳ್ಳಿಯೆನಿಸಿದ್ದ ನರಸಿಂಹರಾಜಪುರ, ಈ ಮೂರು ಕಡೆಯ ಮಕ್ಕಳಿಗೆ ನಾವು ಬಹುಕಾಲ ಪಾಠ ಹೇಳಿದೆವು. ಆಗ ಮಾಡಿದ ತಪ್ಪೊಂದನ್ನು ಮರೆಮಾಚದೆ ಹೇಳುವೆವು. ‘ಮೇ’ ಎಂದರೆ ‘ಬಹುದು’ ಎಂದು ಕರಿಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುತ್ತಿದ್ದೆವು. ಶಿಷ್ಯನೊಬ್ಬನು ಮುಂದೆ ಒಂದು ಪರೀಕ್ಷೆಗೆ ಹೋದನು. ಕ್ಯಾಲ್ಕುಲೇಟರಿನ ವಿಷಯದಲ್ಲಿ ಸೂಚನಾಪತ್ರವು ‘ಮೇ ನಾಟ್ ಬ್ರಿಂಗ್’ ಎಂದಿದ್ದಿತು. ಅವನು ಅದನ್ನು ‘ತರದೆ ಇರಬಹುದು’ ಎಂದು ಗ್ರಹಿಸಿ, ಬೇಕಾದವರು ತರಬಹುದೆಂದು ನಿಶ್ಚಯಿಸಿ, ಒಯ್ದನು. ಮೇಲ್ವಿಚಾರಕರು ಎಬ್ಬಿಸಿ, ವಿಚಾರಿಸಿ, ಮರಳಿ ಕುಳ್ಳಿರಿಸುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಆ ವರ್ಷ ಅವನು ತೇರ್ಗಡೆಯಾಗಲಿಲ್ಲ. “ಮೇಷ್ಟ್ರೇ, ತಾವೇ ಹಾಗೆ ಹೇಳಿಕೊಟ್ಟಿದ್ದಿರಲ್ಲ!” ಎಂದು ನಮ್ಮ ಜಗಲಿಯಲ್ಲಿ ಕುಳಿತು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಉತ್ತರವು ಕನ್ನಡದಲ್ಲಿಯೇ ಇದ್ದಿತು. ‘ಬಹುದು’ ಎಂಬುದು ‘ಬರು’ ಧಾತುವಿನಿಂದ ಹುಟ್ಟಿದುದು. ಹಳಗನ್ನಡದ ‘ಬಪ್ಪುದು’ವೇ ಅದರ ಪೂರ್ವರೂಪ. ಅದರ ನಿಷೇಧವು ‘ಬಾರದು’. ‘ತರಬಾರದು’ ಎಂದರೆ ಅಪ್ಪಣೆಯಿಲ್ಲ. ‘ತರದಿರಬಹುದು’ ಎಂದರೆ ಬಿಟ್ಟರೂ ಸರಿಯೇ. ಅಲ್ಲವೆಂಬುದನ್ನು ನಾವು ಎಲ್ಲಿ ಸೇರಿಸುವೆವೋ ಅದರಂತೆ ಅರ್ಥವು ತಿರುಗುವುದು. ಇಂಗ್ಲಿಷಿನ ‘ಮೇ ನಾಟ್’ ಒಂದೇ ಮುಖದಿಂದ ಎರಡು ಮಾತನಾಡುವುದು: ಮಳೆಯ ವಿಷಯದಲ್ಲಾದರೆ ‘ಬಾರದಿರಬಹುದು’, ನಿಯಮದ ಪತ್ರದಲ್ಲಾದರೆ ‘ಕೂಡದು’. ಆದುದರಿಂದ ಹೇಳುವವರಿಗೆ ತಡೆಯುವ ಅಧಿಕಾರವುಂಟೆ ಎಂಬುದನ್ನು ಮೊದಲು ನೋಡತಕ್ಕದ್ದು. ತರುವ ಅಗತ್ಯವಿಲ್ಲವೆಂದು ಹೇಳಬೇಕಾದರೆ ಅವರು ‘ನೀಡ್ ನಾಟ್’ ಎನ್ನುವರು.

ಪಾಣಿನಿಯು ಈ ಅರ್ಥಗಳನ್ನು ಬೆರೆಸಲಿಲ್ಲ. ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದಲ್ಲಿ ವಿಧಿ, ಆಮಂತ್ರಣ, ಪ್ರಾರ್ಥನೆ ಮೊದಲಾದವುಗಳಿಗೆ ಲಿಙ್ ಲಕಾರವನ್ನು ಹೇಳಿ, ಶಕ್ತಿಗೆ ಬೇರೆ ಸೂತ್ರವನ್ನಿಟ್ಟನು. ಇಷ್ಟದಂತೆ ಮಾಡಲು ಬಿಡುವುದಕ್ಕೆ ‘ಅತಿಸರ್ಗ’ವೆಂಬ ಪ್ರತ್ಯೇಕ ಹೆಸರನ್ನೇ ಕೊಟ್ಟನು. ಇದನ್ನು ಓದಿದ್ದ ನಾವೇ ಕರಿಹಲಗೆಯ ಮುಂದೆ ಮರೆತೆವು!

‘ಕ್ಯಾನ್’ ಎಂಬುದು ಪೂರ್ವದಲ್ಲಿ ‘ಅರಿ’ ಎಂಬರ್ಥದ ಕ್ರಿಯಾಪದ. ನಮ್ಮ ‘ಬಲ್ಲ’ವೂ ಹಾಗೆಯೇ ಅರಿವಿನಿಂದ ಶಕ್ತಿಗೆ ನಡೆದುಬಂದಿದೆ. ‘ಮೇ’ ಎಂಬುದಾದರೋ ಮೊದಲು ಬಲವನ್ನೇ ಹೇಳುತ್ತಿದ್ದಿತು. “ಕ್ಯಾನ್ ಐ ಗೋ?” ಎಂದ ಹುಡುಗರನ್ನು ನಾವು ಬೆಂಚಿನ ಮೇಲೆ ನಿಲ್ಲಿಸಿದ್ದುಂಟು. ಇಂದು ಇಂಗ್ಲೆಂಡಿನವರೇ ಅಪ್ಪಣೆಯನ್ನು ಬಹುವಾಗಿ ಹಾಗೆ ಕೇಳುವರು. ಆ ಹುಡುಗರು ನಮ್ಮನ್ನು ಕ್ಷಮಿಸಲಿ.

ಸಂಭಾವನೆಯ ಅಭ್ಯಾಸಕ್ಕೆ ಅಡಕೆಯ ತೋಟವುಳ್ಳ ಮನೆಯಷ್ಟು ಅನುಕೂಲವಾದ ಪಾಠಶಾಲೆಯಿಲ್ಲ. ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣದ ದ್ರಾವಣವನ್ನು ಹೊಡೆಯಿಸುವ ದಿನ ಎಲ್ಲರೂ ಆಕಾಶವನ್ನೇ ನೋಡುವರಷ್ಟೆ. ‘ಮಳೆ ಬರಬಹುದು’ ಎಂದರೆ ‘ಮೇ’. ‘ಬಂದರೂ ಬಂದೀತು’ ಎಂದು ಧ್ವನಿ ತಗ್ಗಿದರೆ ‘ಮೈಟ್’. ಕಪ್ಪು ಮೋಡ ಕವಿದಿರುವಾಗ ‘ಹೊಳವಾಗಿರಲಾರದು’ ಎಂದರೆ ‘ಕ್ಯಾನಾಟ್’. ಅಂಗಳದಲ್ಲಿ ನಿಂತು ಹೀಗೆ ಮೂರು ನಾಲ್ಕು ವಾಕ್ಯಗಳನ್ನು ಪ್ರತಿದಿನವೂ ಮಕ್ಕಳಿಂದ ಹೇಳಿಸಬೇಕು. ವಿನಯದ ‘ಕುಡ್’ ಇದಾದ ಮೇಲೆ ತಾನಾಗಿ ಬರುವುದು.

ನಮ್ಮ ಮನೆಯಲ್ಲಿ ಊಟದ ಹೊತ್ತೂ ಪಾಠದ ಹೊತ್ತೇ. ಮೊನ್ನೆ ಮೊಮ್ಮಗಳು ಇನ್ನೊಂದು ಹಲಸಿನ ಹಪ್ಪಳಕ್ಕೆ ಕೈ ನೀಡಿ, “ಮೇ ಐ?” ಎಂದಳು. ಅವಳ ಅಜ್ಜಿ, “ತಿನ್ನಬಲ್ಲೆಯೇನೆ, ಇದು ಐದನೆಯದು!” ಎಂದಳು. “ಅಜ್ಜಯ್ಯ, ಅಜ್ಜಿ ಕೇಳಿದ್ದು ‘ಕ್ಯಾನ್’, ನಾನು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ” ಎಂದು ಮಗು ನಮ್ಮ ಕಡೆಗೆ ತಿರುಗಿತು. ನಾವು ಹಪ್ಪಳವನ್ನು ಕೊಟ್ಟೆವು.